ಮಗ್ಗ ನಿಂತಾಗ ಹೊರಟ ಮೇಲ್

“ಮಗ್ಗ ಓಡ್ತಿರುವಾಗ ಕಳಿಸಿದ್ದೆಲ್ಲ ಹೋಗುತ್ತೆ ಸಾರ್. ಮಗ್ಗ ನಿಂತಾಗ ಕಳಿಸಿದ್ದು ಹೋಗಲ್ಲ.”

ದೊಡ್ಡಬಳ್ಳಾಪುರದ ಒಂದು ನೇಯ್ಗೆ ಘಟಕದಲ್ಲಿ ಲೆಕ್ಕ ಬರೆಯುವ ಅಕ್ಕ ಹೀಗೆಂದಾಗ ಪಕ್ಕದಲ್ಲಿದ್ದ ಯಜಮಾನರು ನಕ್ಕುಬಿಟ್ಟರು. ಮಗ್ಗಕ್ಕೂ ಇಮೇಲ್‌ಗೂ ಎಲ್ಲಿಯ ನಂಟು? ಮೇಲ್ ಸರ್ವರ್ ಇರುವುದು ಮುಂದಿನ ಆಫೀಸ್ ಕೋಣೆಯಲ್ಲಿ, ಯುಪಿಎಸ್ ಆಸರೆಯಲ್ಲಿ. ಮಗ್ಗಗಳಿರುವುದು ಹಿಂದಿನ ಶೆಡ್‌ನಲ್ಲಿ. ಎರಡರ ನಡುವೆ ಒಂದು ತಂತಿಯೂ ಇಲ್ಲ. ಆದರೂ ಅಕ್ಕ ಮಾತು ಬದಲಿಸಲಿಲ್ಲ. ಬಿಲ್ ಬಂದಿಲ್ಲ ಎಂದು ಚೆನ್ನೈ, ಸೇಲಂ, ಚಿಕ್ಕಪೇಟೆಯ ವ್ಯಾಪಾರಿಗಳು ಫೋನ್ ಮಾಡಿದಾಗ ಬೈಸಿಕೊಳ್ಳುತ್ತಿದ್ದವರು ಅವರೇ. ಯಾವ ಬಿಲ್ ಹೋಗಲಿಲ್ಲ, ಅದನ್ನು ಕಳಿಸಿದಾಗ ಸುತ್ತಮುತ್ತ ಏನಾಗುತ್ತಿತ್ತು ಎಂಬುದು ಅವರಿಗೆ ನೆನಪಿತ್ತು. ಮಗ್ಗಗಳ ಸದ್ದಿನಲ್ಲಿ ಫೋನಿನ ಮಾತು ಕೇಳಿಸುವುದಿಲ್ಲ. ಹಾಗಾಗಿ ಕರೆಂಟ್ ಹೋಗಿ ಶೆಡ್ ಸುಮ್ಮನಾದಾಗಲೇ ಅವರು ವ್ಯಾಪಾರಿಗಳಿಗೆ ಫೋನ್ ಮಾಡಿ, ಲೆಕ್ಕ ಒಪ್ಪಿಸಿ, ಬಿಲ್ ಕಳಿಸುತ್ತಿದ್ದರು. ಆ ಬಿಲ್‌ಗಳೇ ಕಾಣೆಯಾಗುತ್ತಿದ್ದವು.

ಸರ್ವರ್ ನೋಡಿಕೊಳ್ಳುವುದು ನನ್ನ ಕಸುಬು. ಅವರ ಮಾತನ್ನು ಕೇಳಿ ನಗು ಬರಲಿಲ್ಲ. ಅದಕ್ಕೆ ಕಾರಣ ಅಮೆರಿಕದ ನಾರ್ತ್ ಕ್ಯಾರೊಲೈನಾ ವಿಶ್ವವಿದ್ಯಾಲಯದಲ್ಲಿ 1990ರ ದಶಕದಲ್ಲಿ ನಡೆದ ಒಂದು ಘಟನೆ. ಮೇಲ್ ಸರ್ವರ್ ಕೆಲಸದವರೆಲ್ಲ ಒಮ್ಮೆಯಾದರೂ ಕೇಳಿರುವ ಕತೆ ಅದು. ಅಲ್ಲಿ ಮೇಲ್ ವ್ಯವಸ್ಥೆ ನೋಡಿಕೊಳ್ಳುತ್ತಿದ್ದ ಟ್ರೇ ಹ್ಯಾರಿಸ್ ಎಂಬವರಿಗೆ ಸಂಖ್ಯಾಶಾಸ್ತ್ರ ವಿಭಾಗದ ಮುಖ್ಯಸ್ಥರು ಫೋನ್ ಮಾಡಿ, ತಮ್ಮ ವಿಭಾಗದ ಇಮೇಲ್ 500 ಮೈಲಿಗಿಂತ ಸ್ವಲ್ಪ ಹೆಚ್ಚು ದೂರದವರೆಗೆ ಹೋಗುತ್ತದೆ, ಅದಕ್ಕಿಂತ ಆಚೆ ಹೋಗುವುದಿಲ್ಲ ಎಂದರು. ಇಮೇಲ್‌ಗೆ ದೂರ ಎಂಬುದೇ ಇಲ್ಲ ಎಂದು ಹ್ಯಾರಿಸ್ ನಂಬಿದ್ದರು. ಆದರೆ ಫೋನ್ ಮಾಡಿದವರು ಸಂಖ್ಯಾಶಾಸ್ತ್ರಜ್ಞರು. ಹೇಳುವ ಮೊದಲು ಕೆಲವು ದಿನ ಅಂಕಿ ಕಲೆಹಾಕಿ, ನಕ್ಷೆಯ ಮೇಲೆ ಗುರುತಿಸಿ ನೋಡಿದ್ದರು.

ಹ್ಯಾರಿಸ್ ತಾವೇ ಊರೂರಿಗೆ ಮೇಲ್ ಕಳಿಸಿ ನೋಡಿದರು. ಹತ್ತಿರದ ರಿಚ್ಮಂಡ್, ಅಟ್ಲಾಂಟಾ, ವಾಷಿಂಗ್ಟನ್‌ಗಳಿಗೆ ಹೋಯಿತು. 400 ಮೈಲಿಯ ಪ್ರಿನ್ಸ್‌ಟನ್‌ಗೂ 420 ಮೈಲಿಯ ನ್ಯೂಯಾರ್ಕ್‌ಗೂ ಹೋಯಿತು. 580 ಮೈಲಿಯ ಪ್ರಾವಿಡೆನ್ಸ್‌ಗೆ ಹೋಗಲಿಲ್ಲ, 600 ಮೈಲಿಯ ಮೆಂಫಿಸ್‌ಗೂ ಹೋಗಲಿಲ್ಲ. ಹುಡುಕಿದಾಗ ಸಿಕ್ಕ ಕಾರಣ ಇದು: ಯಾರೋ ಸರ್ವರ್‌ನ ಆಪರೇಟಿಂಗ್ ಸಿಸ್ಟಂ ಹೊಸದು ಮಾಡುವಾಗ ಸೆಂಡ್‌ಮೇಲ್ ಎಂಬ ಮೇಲ್ ತಂತ್ರಾಂಶ ಹಳೆಯ ಆವೃತ್ತಿಗೆ ಇಳಿದಿತ್ತು. ಹೊಸ ಆವೃತ್ತಿಗೆಂದು ಬರೆದಿದ್ದ ಸೆಟ್ಟಿಂಗ್‌ಗಳು ಹಳೆಯದಕ್ಕೆ ಅರ್ಥವಾಗದೆ, ಆಚೆಯ ಸರ್ವರ್ ಉತ್ತರಕ್ಕೆ ಕಾಯಬೇಕಾದ ಹೊತ್ತು ಸೊನ್ನೆಯಾಗಿಬಿಟ್ಟಿತ್ತು. ಆ ಯಂತ್ರದಲ್ಲಿ ಸೊನ್ನೆ ಎಂದರೆ ನಿಜವಾಗಿ ಮೂರು ಮಿಲಿಸೆಕೆಂಡಿನಷ್ಟು. ಆ ವಿಶ್ವವಿದ್ಯಾಲಯದ ಜಾಲದಲ್ಲಿ ಸಂಕೇತವನ್ನು ತಡೆದು ನಿಲ್ಲಿಸುವ ಉಪಕರಣಗಳು ಕಡಿಮೆ. ಹಾಗಾಗಿ ಉತ್ತರ ಬರುವ ಹೊತ್ತನ್ನು ನಿರ್ಧರಿಸುತ್ತಿದ್ದದ್ದು ಬಹುಪಾಲು ಬೆಳಕಿನ ವೇಗವೇ. ಮೂರು ಮಿಲಿಸೆಕೆಂಡಿನಲ್ಲಿ ಬೆಳಕು ಸಾಗುವುದು ಸುಮಾರು 900 ಕಿಲೋಮೀಟರ್, ಅಂದರೆ 558 ಮೈಲಿ. ಲೆಕ್ಕ ಸ್ಥೂಲವಾದದ್ದು, ಆದರೆ ದೂರು ಅಕ್ಷರಶಃ ನಿಜವಾಗಿತ್ತು. 2002ರಲ್ಲಿ ಹ್ಯಾರಿಸ್ ಇದನ್ನು ಬರೆದರು.

ಬೆಳಕಿನ ವೇಗವನ್ನು ಕೆಲಸದ ಹೊತ್ತಿನಲ್ಲಿ ಅನುಭವಿಸುವ ಜನ ನಮ್ಮ ಜಿಲ್ಲೆಯಲ್ಲೂ ಇದ್ದಾರೆ. ಹೊಸಕೋಟೆಯ ಬಳಿ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯ ಕ್ರೆಸ್ಟ್ ಕೇಂದ್ರವಿದೆ. ಲಡಾಖ್‌ನ ಹಾನ್ಲೆಯಲ್ಲಿ, ಸಮುದ್ರಮಟ್ಟದಿಂದ 4500 ಮೀಟರ್ ಎತ್ತರದಲ್ಲಿರುವ ಎರಡು ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಹೊಸಕೋಟೆಯಲ್ಲಿ ಕೂತು ಉಪಗ್ರಹ ಸಂಪರ್ಕದ ಮೂಲಕ ನಡೆಸುವ ವ್ಯವಸ್ಥೆ ಅಲ್ಲಿದೆ. ಭೂಸ್ಥಿರ ಉಪಗ್ರಹ ಇರುವುದು 35,786 ಕಿಲೋಮೀಟರ್ ಮೇಲೆ. ಆಜ್ಞೆ ಮೇಲೇರಿ ಕೆಳಗಿಳಿಯಲು ಕಾಲು ಸೆಕೆಂಡು, ಉತ್ತರ ಹಾಗೆಯೇ ಬರಲು ಇನ್ನೊಂದು ಕಾಲು ಸೆಕೆಂಡು. ಆ ದಾರಿಯಲ್ಲಿ ಮೂರು ಮಿಲಿಸೆಕೆಂಡು ಮಾತ್ರ ಕಾಯುವ ಸರ್ವರ್ ಇಟ್ಟಿದ್ದರೆ ಒಂದು ಮೇಲ್ ಕೂಡ ಹೊರಡುತ್ತಿರಲಿಲ್ಲ. ದೂರವಾಗಲಿ ಮಗ್ಗವಾಗಲಿ, ಮೇಲ್‌ಗೆ ಸಂಬಂಧವಿಲ್ಲ ಎಂದು ಮೊದಲೇ ತೀರ್ಮಾನಿಸಿದರೆ ಹುಡುಕಾಟ ಅಲ್ಲಿಗೇ ಮುಗಿಯುತ್ತದೆ.

ಈ ಘಟಕದವರು ತಮ್ಮದೇ ಮೇಲ್ ಸರ್ವರ್ ಇಟ್ಟುಕೊಂಡಿದ್ದೇಕೆ ಎಂದು ಹೇಳಬೇಕು. ದೊಡ್ಡಬಳ್ಳಾಪುರ ವಿದ್ಯುತ್ ಮಗ್ಗಗಳ ಊರು. ಇಲ್ಲಿ ನೇಯ್ಗೆ ಎಷ್ಟು ಮುಖ್ಯವೋ ಸೀರೆಯ ಅಂಚು, ಸೆರಗಿನ ವಿನ್ಯಾಸವೂ ಅಷ್ಟೇ ಮುಖ್ಯ. ಹೊಸ ವಿನ್ಯಾಸ ಪಕ್ಕದ ಬೀದಿಗೆ ಗೊತ್ತಾದರೆ ಅದರ ಬೆಲೆ ಅಂದಿಗೇ ಇಳಿಯುತ್ತದೆ. ವಿನ್ಯಾಸದ ಚಿತ್ರಗಳು, ವ್ಯಾಪಾರಿಗಳ ದರಗಳು ತಮ್ಮ ಡಬ್ಬಿಯಲ್ಲೇ ಇರಲಿ ಎಂಬುದು ಯಜಮಾನರ ಆಸೆ. ಕೆಲಸಗಾರರಿಗೆಲ್ಲ ತಿಂಗಳ ಬಾಡಿಗೆಯ ಮೇಲ್‌ಪೆಟ್ಟಿಗೆ ಕೊಡಿಸುವ ಖರ್ಚೂ ಬೇಡವಾಗಿತ್ತು. ಮನೆಯ ಹುಡುಗನೊಬ್ಬ ಇಂಜಿನಿಯರಿಂಗ್ ಓದುವಾಗ ಹಳೆಯ ಕಂಪ್ಯೂಟರಿನಲ್ಲಿ ಲಿನಕ್ಸ್ ಹಾಕಿ ಪೋಸ್ಟ್‌ಫಿಕ್ಸ್ ಎಂಬ ಮೇಲ್ ತಂತ್ರಾಂಶ ಕೂರಿಸಿಕೊಟ್ಟಿದ್ದ. ಸ್ಥಿರ ಐಪಿ ವಿಳಾಸವಿರುವ ಫೈಬರ್ ಸಂಪರ್ಕ ತೆಗೆದುಕೊಂಡಿದ್ದರು. ಆ ವಿಳಾಸಕ್ಕೆ ಹೆಸರನ್ನೂ ಸರಿಯಾಗಿ ನೋಂದಾಯಿಸಿದ್ದರು. ಆ ಹುಡುಗ ಬಹಳ ಅಚ್ಚುಕಟ್ಟಾಗಿ ಮಾಡಿದ್ದ ಕೆಲಸ ಅದು.

ಮಾಮೂಲಿ ಅನುಮಾನಗಳನ್ನು ಮೊದಲು ಪಕ್ಕಕ್ಕಿಟ್ಟೆವು. ವ್ಯಾಪಾರಿಗಳ ಸ್ಪ್ಯಾಂ ಪೆಟ್ಟಿಗೆಯಲ್ಲಿ ಬಿಲ್ ಇರಲಿಲ್ಲ. ವಿಳಾಸ ತಪ್ಪಿರಲಿಲ್ಲ, ಅದೇ ವಿಳಾಸಕ್ಕೆ ಹಿಂದಿನ ದಿನ ಹೋಗಿತ್ತು. ಬಿಲ್‌ನ ಗಾತ್ರ ಚಿಕ್ಕದು. ತಲೆ ಕೆಡಿಸಿದ ಸಂಗತಿ ಬೇರೆ: ಮಗ್ಗ ನಿಂತಾಗ ಕಳಿಸಿದ ಬಿಲ್‌ಗಳಲ್ಲೂ ಸೂರತ್‌ನ ಒಬ್ಬ ವ್ಯಾಪಾರಿಯದು ಮಾತ್ರ ಪ್ರತಿ ಸಲವೂ ತಲುಪುತ್ತಿತ್ತು. ಎಲ್ಲ ಮೇಲ್‌ಗಳೂ ಬಿದ್ದುಹೋಗುವ ಸಮಸ್ಯೆಯಾಗಿದ್ದರೆ ಸರ್ವರ್ ಕೆಟ್ಟಿದೆ ಎನ್ನಬಹುದಿತ್ತು. ಕೆಲವು ಹೋಗಿ ಕೆಲವು ಬಿದ್ದರೆ ಹುಡುಕುವವನಿಗೆ ಹಿಡಿತವೇ ಸಿಗುವುದಿಲ್ಲ. ಯಜಮಾನರು ಅಕ್ಕನ ಮಾತನ್ನು ತಳ್ಳಿಹಾಕಲು ಸೂರತ್ತಿನ ಉದಾಹರಣೆಯನ್ನೇ ಕೊಡುತ್ತಿದ್ದರು.

ಪೋಸ್ಟ್‌ಫಿಕ್ಸ್ ಬರೆದವರು ವೀಟ್ಸೆ ವೆನೆಮಾ. ಐಬಿಎಂ ಸಂಶೋಧನಾಲಯದಲ್ಲಿದ್ದಾಗ ಬರೆದು 1998ರ ಕೊನೆಗೆ ಎಲ್ಲರಿಗೂ ಬಿಟ್ಟುಕೊಟ್ಟರು. ಅದರಲ್ಲಿ ನನಗೆ ತುಂಬ ಇಷ್ಟವಾಗುವುದು ಅದರ ಲಾಗ್. ಒಂದೊಂದು ಮೇಲ್‌ಗೂ ಒಂದು ಗುರುತು ಕೊಟ್ಟು, ಅದು ಯಾವಾಗ ಬಂತು, ಯಾವ ಸರ್ವರ್‌ಗೆ ಹೋಯಿತು, ಎಷ್ಟು ಹೊತ್ತು ಹಿಡಿಯಿತು, ಆಚೆಯವರು ಏನು ಉತ್ತರ ಕೊಟ್ಟರು ಎಂದು ಸಾಲು ಸಾಲಾಗಿ ಬರೆದಿಡುತ್ತದೆ. ಮೇಲ್ ಸರ್ವರ್‌ಗಳ ಉತ್ತರ ಮೂರಂಕಿಯಲ್ಲಿರುತ್ತದೆ. 2ರಿಂದ ಶುರುವಾದರೆ ತೆಗೆದುಕೊಂಡೆ ಎಂದರ್ಥ. 4ರಿಂದ ಶುರುವಾದರೆ ಈಗ ಆಗುವುದಿಲ್ಲ, ಆಮೇಲೆ ಬಾ. 5ರಿಂದ ಶುರುವಾದರೆ ಬೇಡ, ಮತ್ತೆ ತರಬೇಡ. 4 ಬಂದ ಮೇಲನ್ನು ಪೋಸ್ಟ್‌ಫಿಕ್ಸ್ ಸರದಿಯಲ್ಲಿಟ್ಟು ಮತ್ತೆ ಮತ್ತೆ ಪ್ರಯತ್ನಿಸುತ್ತದೆ, ಯಾರೂ ಬದಲಿಸದಿದ್ದರೆ ಐದು ದಿನದವರೆಗೆ. 5 ಬಂದರೆ ಅಲ್ಲಿಗೇ ಕೈಬಿಟ್ಟು, ಕಳಿಸಿದವರಿಗೆ ಮೇಲ್ ತಲುಪಲಿಲ್ಲ ಎಂದು ತಿಳಿಸುವ ಬೌನ್ಸ್ ಮೇಲ್ ಹಾಕುತ್ತದೆ.

ಕಾಣೆಯಾದ ಬಿಲ್‌ಗಳನ್ನು ಲಾಗ್‌ನಲ್ಲಿ ಹುಡುಕಿದರೆ ಎಲ್ಲಕ್ಕೂ 5ರ ಉತ್ತರ. ಅಂದರೆ ಯಾವ ಬಿಲ್ಲೂ ಕಾಣೆಯಾಗಿರಲಿಲ್ಲ. ಪ್ರತಿಯೊಂದನ್ನೂ ಆಚೆಯವರು ಬಾಗಿಲಲ್ಲೇ ತಿರಸ್ಕರಿಸಿದ್ದರು, ಕಾರಣವನ್ನೂ ಹೇಳಿದ್ದರು. ಹಾಗಿದ್ದರೆ ಬೌನ್ಸ್ ಮೇಲ್ ಅಕ್ಕನಿಗೆ ಯಾಕೆ ಬರಲಿಲ್ಲ?

ಅಂಚೆಯ ಕಾಗದದಲ್ಲಿ ಒಳಗಿನ ಹಾಳೆಯ ಮೇಲೆ ಒಂದು ಹೆಸರು, ಲಕೋಟೆಯ ಹಿಂದೆ ಇನ್ನೊಂದು ವಿಳಾಸ ಬರೆಯಬಹುದಲ್ಲ, ಇಮೇಲ್‌ನಲ್ಲೂ ಹಾಗೆಯೇ ಎರಡಿವೆ. ಓದುವವರಿಗೆ ಕಾಣುವುದು ಒಳಗಿನ ಹೆಸರು. ತಲುಪದ ಮೇಲ್ ಹಿಂತಿರುಗುವುದು ಹೊರಗಿನ ವಿಳಾಸಕ್ಕೆ. ಘಟಕದ ಬಿಲ್ಲಿಂಗ್ ತಂತ್ರಾಂಶ ಒಳಗಡೆ ಅಕ್ಕನ ವಿಳಾಸ ಹಾಕುತ್ತಿತ್ತು. ಹೊರಗಡೆ ತನ್ನದೇ ಒಂದು ಖಾತೆಯ ಹೆಸರು ಹಾಕುತ್ತಿತ್ತು. ಆ ಖಾತೆಗೆ ಸರ್ವರ್‌ನಲ್ಲಿ ಪೆಟ್ಟಿಗೆಯಿತ್ತು, ತೆರೆಯುವವರು ಇರಲಿಲ್ಲ. ತೆರೆದಾಗ ತಿಂಗಳುಗಳ ಬೌನ್ಸ್ ಮೇಲ್‌ಗಳು ಅಲ್ಲಿ ಬಿದ್ದಿದ್ದವು. ಅಕ್ಕ ಒಂದೊಂದನ್ನೇ ನೋಡಿ, “ಇದಕ್ಕೇ ಸಾರ್ ಸೇಲಂನೋರು ಅವತ್ತು ಬೈದಿದ್ದು” ಎಂದು ಬೆರಳಿಟ್ಟು ತೋರಿಸಿದರು.

ಬೌನ್ಸ್ ಮೇಲ್‌ಗಳಲ್ಲಿ ಬೇರೆ ಬೇರೆ ಸರ್ವರ್‌ಗಳು ಬೇರೆ ಬೇರೆ ಮಾತಿನಲ್ಲಿ ಉತ್ತರ ಕೊಟ್ಟಿದ್ದವು. ಒಂದು, ಈ ಐಪಿ ವಿಳಾಸ ನೇರವಾಗಿ ಮೇಲ್ ಕಳಿಸಬಾರದವರ ಪಟ್ಟಿಯಲ್ಲಿದೆ ಎಂದಿತ್ತು. ಇನ್ನೊಂದು, ಈ ವಿಳಾಸಕ್ಕೆ ಹೆಸರೇ ಸರಿಯಾಗಿಲ್ಲ ಎಂದಿತ್ತು. ಮತ್ತೊಂದು, ನಿಮ್ಮ ಡೊಮೇನ್ ಪರವಾಗಿ ಕಳಿಸಲು ಈ ವಿಳಾಸಕ್ಕೆ ಅನುಮತಿಯಿಲ್ಲ ಎಂದಿತ್ತು. ಮೂರೂ ಉಲ್ಲೇಖಿಸಿದ್ದ ಐಪಿ ವಿಳಾಸವನ್ನು ಓದಿದಾಗ ನಿಜವಾದ ಸುಳಿವು ಸಿಕ್ಕಿತು. ಅದು ಘಟಕದ ಸ್ಥಿರ ವಿಳಾಸವಲ್ಲ. ದಿನಕ್ಕೊಂದು ಬದಲಾಗುವ, ಮೊಬೈಲ್ ಜಾಲಕ್ಕೆ ಸೇರಿದ ವಿಳಾಸಗಳು. ನಮ್ಮ ಸರ್ವರ್‌ನ ಮೇಲ್‌ಗಳು ನಮ್ಮದಲ್ಲದ ಬಾಗಿಲಿನಿಂದ ಹೊರಟಿದ್ದವು.

ಮಗ್ಗದ ಪುಸ್ತಕ ಹೊರಬಂದದ್ದು ಆಗ. ನೇಯುವವರಿಗೆ ಕೂಲಿ ನೇಯ್ದ ಸೀರೆಯ ಲೆಕ್ಕದಲ್ಲಿ. ಯಾವ ದಿನ ಎಷ್ಟು ಹೊತ್ತು ಮಗ್ಗ ನಿಂತಿತ್ತು ಎಂದು ಬರೆದಿಡದಿದ್ದರೆ ವಾರದ ಕೊನೆಗೆ ಜಗಳ. ಹಾಗಾಗಿ ಕರೆಂಟ್ ಹೋದ ಗಳಿಗೆ, ಬಂದ ಗಳಿಗೆ ಎರಡನ್ನೂ ಅಕ್ಕ ತಪ್ಪದೆ ಬರೆಯುತ್ತಿದ್ದರು. ಲಾಗ್‌ನಲ್ಲಿದ್ದ ತಿರಸ್ಕಾರದ ಹೊತ್ತನ್ನು ಪುಸ್ತಕದೊಂದಿಗೆ ಹೋಲಿಸಿದರೆ ಒಂದೂ ಹೊಂದಲಿಲ್ಲ. ಪುಸ್ತಕದಲ್ಲಿ ಮಧ್ಯಾಹ್ನ, ಲಾಗ್‌ನಲ್ಲಿ ಬೆಳಿಗ್ಗೆ. ಆದರೆ ವ್ಯತ್ಯಾಸ ಎಲ್ಲ ಕಡೆಯೂ ಒಂದೇ ಆಗಿತ್ತು. ಸರ್ವರ್ ತನ್ನ ಗಡಿಯಾರವನ್ನು ಜಾಗತಿಕ ಸಮಯದಲ್ಲಿ ಇಟ್ಟುಕೊಂಡಿತ್ತು. ಭಾರತದ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಐದೂವರೆ ಗಂಟೆ ಕೂಡಿಸಿದ ಮೇಲೆ ತಿರಸ್ಕೃತವಾದ ಪ್ರತಿಯೊಂದು ಬಿಲ್ಲೂ ಮಗ್ಗ ನಿಂತ ಗಳಿಗೆಗೂ ಓಡಿದ ಗಳಿಗೆಗೂ ನಡುವೆ ಹೋಗಿ ಕೂತಿತು. ಅದುವರೆಗೆ ನಿಂತೇ ನೋಡುತ್ತಿದ್ದ ಯಜಮಾನರು ಕುರ್ಚಿ ಎಳೆದುಕೊಂಡು ಕೂತರು.

ಮೊಬೈಲ್ ಜಾಲದ ವಿಳಾಸ ಎಲ್ಲಿಂದ ಬಂತು ಎಂಬುದು ಆಮೇಲೆ ಕಷ್ಟವಾಗಲಿಲ್ಲ. 50,000 ರೂಪಾಯಿಗಿಂತ ಹೆಚ್ಚಿನ ಸರಕು ಹೊರರಾಜ್ಯಕ್ಕೆ ಹೋಗಬೇಕಾದರೆ ಇ-ವೇ ಬಿಲ್ ಬೇಕು. 2018ರ ಏಪ್ರಿಲ್‌ನಿಂದ ಇದು ಕಡ್ಡಾಯ. ಸೀರೆಯ ಬೇಲ್ ಹೇರಿಕೊಂಡ ಲಾರಿ ಬಾಗಿಲಲ್ಲಿ ನಿಂತಿರುವಾಗ ಇಂಟರ್ನೆಟ್ ಇಲ್ಲ ಎಂದರೆ ನಡೆಯುವುದಿಲ್ಲ. ಅದಕ್ಕಾಗಿ ರೌಟರ್‌ಗೆ ಒಂದು 4ಜಿ ಡಾಂಗಲ್ ಸಿಕ್ಕಿಸಿದ್ದರು. ಫೈಬರ್ ನಿಂತರೆ ಡಾಂಗಲ್ ತಾನಾಗಿ ಕೆಲಸಕ್ಕೆ ಬರುತ್ತದೆ. ಕರೆಂಟ್ ಹೋದಾಗ ಆಫೀಸಿನ ಸರ್ವರ್, ರೌಟರ್ ಯುಪಿಎಸ್‌ನಲ್ಲಿ ನಡೆಯುತ್ತಲೇ ಇದ್ದವು. ಆದರೆ ಬೀದಿಯ ಕಂಬದ ಮೇಲಿದ್ದ ಫೈಬರ್ ಪೆಟ್ಟಿಗೆಗೆ ಬ್ಯಾಟರಿಯ ಆಸರೆ ಇರಲಿಲ್ಲ. ಮಗ್ಗ ನಿಂತ ಗಳಿಗೆಗೇ ಫೈಬರ್ ಸತ್ತು, ಡಾಂಗಲ್ ಎಚ್ಚರಾಗುತ್ತಿತ್ತು. ಇ-ವೇ ಬಿಲ್ ತೆಗೆಯಲು ಯಾವ ತೊಂದರೆಯೂ ಇರಲಿಲ್ಲ, ಹಾಗಾಗಿ ಇಂಟರ್ನೆಟ್ ಬದಲಾದದ್ದು ಯಾರ ಗಮನಕ್ಕೂ ಬರಲಿಲ್ಲ. ಮೇಲ್ ಸರ್ವರ್ ಕೂಡ ಏನೂ ತಿಳಿಯದೆ ಡಾಂಗಲ್‌ನ ದಾರಿಯಲ್ಲೇ ಬಿಲ್ ಕಳಿಸುತ್ತಿತ್ತು.

ಜಾಲದಾಣಗಳಿಗೆ ಸಲ್ಲುವ ಡಾಂಗಲ್ ಮೇಲ್‌ಗೆ ಯಾಕೆ ಸಲ್ಲದು ಎಂಬುದಕ್ಕೆ ನಲವತ್ತು ವರ್ಷಗಳ ಇತಿಹಾಸವೇ ಇದೆ. ಜಾನ್ ಪೋಸ್ಟೆಲ್ 1982ರಲ್ಲಿ ಬರೆದ ಎಸ್‌ಎಂಟಿಪಿ ನಿಯಮಗಳೇ ಇಂದಿಗೂ ಮೇಲ್ ಸಾಗಾಟದ ಅಡಿಪಾಯ. ಅದರಲ್ಲಿ ಕಳಿಸುವವನು ತಾನು ಯಾರು ಎಂದು ಹೇಳುತ್ತಾನೆ, ಕೇಳುವವನು ನಂಬುತ್ತಾನೆ. ಆಗ ಅದು ತಪ್ಪಲ್ಲ. ಜಾಲದಲ್ಲಿದ್ದ ಸಂಸ್ಥೆಗಳು ಬೆರಳೆಣಿಕೆ, ಎಲ್ಲರಿಗೂ ಎಲ್ಲರ ಪರಿಚಯ. ನಮ್ಮಲ್ಲೂ ಹಾಗೇ ಶುರುವಾಯಿತು. 1986ರಲ್ಲಿ ಅರ್ನೆಟ್ ಎಂಬ ಶೈಕ್ಷಣಿಕ ಜಾಲ ಕಟ್ಟಲು ಹೊರಟಾಗ ಅದರಲ್ಲಿದ್ದದ್ದು ಮುಂಬೈಯ ಎನ್‌ಸಿಎಸ್‌ಟಿ, ಐದು ಐಐಟಿಗಳು, ದೆಹಲಿಯ ಎಲೆಕ್ಟ್ರಾನಿಕ್ಸ್ ಇಲಾಖೆ ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. ಟೆಲಿಫೋನ್ ಲೈನ್ ಮೇಲೆ ಡಯಲ್ ಮಾಡಿ ಮೇಲ್ ಕಳಿಸುತ್ತಿದ್ದ ಆ ಎಂಟು ಸಂಸ್ಥೆಗಳ ನಡುವೆ ಯಾರ ಗುರುತನ್ನು ಯಾರು ಕೇಳಬೇಕಿತ್ತು? ಸಾಮಾನ್ಯ ಜನರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. ಅಷ್ಟರಲ್ಲಿ ಜಗತ್ತಿನ ಮೇಲ್ ವ್ಯವಸ್ಥೆಯಲ್ಲಿ ಆ ನಂಬಿಕೆ ಮುರಿಯತೊಡಗಿತ್ತು.

ಬೇಡದ ಮೇಲ್‌ನ ಮೊದಲ ದೊಡ್ಡ ಉದಾಹರಣೆ 1978ರದ್ದು. ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯ ಗ್ಯಾರಿ ಥುಯರ್ಕ್, ಇಂಟರ್ನೆಟ್‌ಗಿಂತ ಮೊದಲಿನ ಅರ್ಪಾನೆಟ್ ಜಾಲದ ಸುಮಾರು 400 ಜನಕ್ಕೆ ಒಟ್ಟಿಗೆ ಜಾಹೀರಾತು ಕಳಿಸಿದ್ದರು. ತೊಂಬತ್ತರ ದಶಕದಲ್ಲಿ ಅದು ಪ್ರವಾಹವಾಯಿತು. ಪಾಲ್ ವಿಕ್ಸಿ 1997ರಲ್ಲಿ, ಸ್ಪ್ಯಾಂ ಕಳಿಸುವ ವಿಳಾಸಗಳ ಪಟ್ಟಿಯನ್ನು ಯಾರು ಬೇಕಾದರೂ ಕ್ಷಣದಲ್ಲಿ ನೋಡುವಂತೆ ಜಾಲದಲ್ಲಿ ಇಟ್ಟರು. 1998ರಲ್ಲಿ ಸ್ಟೀವ್ ಲಿನ್‌ಫೋರ್ಡ್ ಸ್ಪ್ಯಾಂಹೌಸ್ ಶುರುಮಾಡಿದರು. ಮನೆಬಳಕೆಯ, ಮೊಬೈಲ್‌ನ ಬದಲಾಗುವ ವಿಳಾಸಗಳನ್ನು ಪಟ್ಟಿ ಮಾಡುವ ಪದ್ಧತಿಯೂ ಬಂತು. ಇದು ಅಪರಾಧಿಗಳ ಪಟ್ಟಿಯಲ್ಲ. ಈ ವಿಳಾಸಗಳಿಂದ ಸಾಮಾನ್ಯವಾಗಿ ನೇರ ಮೇಲ್ ಬರುವಂತಿಲ್ಲ ಎಂಬ ಸೂಚನೆ ಅಷ್ಟೇ. ಒಂದೇ ಮೊಬೈಲ್ ಐಪಿ ವಿಳಾಸವನ್ನು ಒಂದೇ ಹೊತ್ತಿಗೆ ಎಷ್ಟೋ ಗ್ರಾಹಕರು ಹಂಚಿಕೊಂಡಿರುತ್ತಾರೆ, ಅವರಲ್ಲಿ ಒಬ್ಬರ ಫೋನಿಗೆ ವೈರಸ್ ಹೊಕ್ಕರೂ ಸ್ಪ್ಯಾಂ ಹೊರಡುವುದು ಆ ವಿಳಾಸದಿಂದಲೇ.

ಎಸ್‌ಪಿಎಫ್ ಬಂದದ್ದು ಅದರ ಮುಂದಿನ ಹೆಜ್ಜೆಯಾಗಿ. ಡೊಮೇನ್ ಒಡೆಯರೇ, ನಮ್ಮ ಹೆಸರಿನಲ್ಲಿ ಈ ಈ ವಿಳಾಸಗಳಿಂದ ಮಾತ್ರ ಮೇಲ್ ಹೊರಡುತ್ತದೆ ಎಂದು ಎಲ್ಲರಿಗೂ ಕಾಣುವಂತೆ ಪ್ರಕಟಿಸಲಿ ಎಂಬ ಆಲೋಚನೆ ಇದು. ಹಲವರ ಕರಡುಗಳನ್ನು ಕೂಡಿಸಿ 2003ರಲ್ಲಿ ಮೆಂಗ್ ವೆಂಗ್ ವಾಂಗ್ ಇದನ್ನು ರೂಪಿಸಿದರು. ಘಟಕದ ಹುಡುಗ ಎಸ್‌ಪಿಎಫ್ ದಾಖಲೆಯನ್ನು ಸರಿಯಾಗಿ ಬರೆದಿದ್ದ. ಫೈಬರ್‌ನ ಸ್ಥಿರ ವಿಳಾಸವೊಂದನ್ನೇ ನಮೂದಿಸಿ, ಉಳಿದವರೆಲ್ಲ ಸುಳ್ಳುಗಾರರು, ತಿರಸ್ಕರಿಸಿ ಎಂದು ಕೊನೆಗೆ ಸೇರಿಸಿದ್ದ. ಡಾಂಗಲ್ ಬಂದದ್ದು ಅವನು ಕೆಲಸ ಮುಗಿಸಿಹೋದ ಎಷ್ಟೋ ದಿನದ ಮೇಲೆ. ಘಟಕವೇ ಜಗತ್ತಿಗೆ ಕೊಟ್ಟಿದ್ದ ಆಜ್ಞೆಯನ್ನು ದೊಡ್ಡ ಮೇಲ್ ಸೇವೆಗಳು ಪಾಲಿಸುತ್ತಿದ್ದವು. ಸೂರತ್ತಿನ ವ್ಯಾಪಾರಿಯದು ಮಾತ್ರ ಸ್ವಂತದ ಹಳೆಯ ಸರ್ವರ್. ಅದು ಪಟ್ಟಿಯನ್ನೂ ನೋಡುತ್ತಿರಲಿಲ್ಲ, ಎಸ್‌ಪಿಎಫ್ಫನ್ನೂ ನೋಡುತ್ತಿರಲಿಲ್ಲ. ಅಷ್ಟು ದಿನ ನಮ್ಮನ್ನು ದಾರಿ ತಪ್ಪಿಸಿದ ಸೂರತ್ತಿನ ಬಿಲ್ ಹೀಗೆ ಅಕ್ಕನ ಮಾತಿಗೇ ಸಾಕ್ಷಿ ಹೇಳಿತು.

ಆದರೂ ಕಾರಣ ಕರೆಂಟೋ ಡಾಂಗಲ್ಲೋ ಎಂದು ಬೇರ್ಪಡಿಸಿ ನೋಡದೆ ಇದನ್ನು ಕಂಡುಹಿಡಿದೆವು ಎನ್ನಲಾಗದು. ಎರಡೂ ಜೊತೆಯಲ್ಲೇ ಬರುತ್ತಿದ್ದವು. ಹಾಗಾಗಿ ಕರೆಂಟ್ ಇದ್ದು ಮಗ್ಗಗಳೆಲ್ಲ ಓಡುತ್ತಿದ್ದಾಗ ಫೈಬರ್ ಕೇಬಲ್ ಕಿತ್ತು, ನನ್ನದೇ ಒಂದು ವಿಳಾಸಕ್ಕೆ ಮೇಲ್ ಕಳಿಸಿದೆವು. ತಿರಸ್ಕಾರ ಬಂತು. ಮತ್ತೊಂದು ದಿನ ಕರೆಂಟ್ ಹೋದಾಗ ಡಾಂಗಲ್ ಕಿತ್ತಿಟ್ಟು ಕಳಿಸಿದೆವು. ಮೇಲ್ ಸರದಿಯಲ್ಲಿ ಕಾದು ಕೂತಿತು. ಕರೆಂಟ್ ಬಂದು, ಮಗ್ಗ ಓಡಿ, ಫೈಬರ್ ಎಚ್ಚರಾದ ಮೇಲೆ ಅದಾಗಿಯೇ ಹೊರಟು ತಲುಪಿತು. ಮಗ್ಗ ನಿರಪರಾಧಿ. ಆದರೆ ಮಗ್ಗವನ್ನು ತೋರಿಸದಿದ್ದರೆ ನಾವು ಡಾಂಗಲ್ ಕಡೆ ತಿರುಗುತ್ತಿರಲಿಲ್ಲ.

ಪರಿಹಾರ ಆ ಎರಡನೇ ಪ್ರಯೋಗದಲ್ಲೇ ಇತ್ತು. ರೌಟರ್‌ನಲ್ಲಿ ಒಂದು ನಿಯಮ ಹಾಕಿದೆವು: ಡಾಂಗಲ್ ದಾರಿಯಲ್ಲಿ ಉಳಿದೆಲ್ಲ ಹೋಗಲಿ, ಸರ್ವರ್‌ನಿಂದ ಸರ್ವರ್‌ಗೆ ಮೇಲ್ ಸಾಗುವ 25ನೇ ಪೋರ್ಟ್ ಮಾತ್ರ ಮುಚ್ಚಿರಲಿ. ಈಗ ಫೈಬರ್ ನಿಂತರೆ ಪೋಸ್ಟ್‌ಫಿಕ್ಸ್‌ಗೆ ಆಚೆಯ ಸರ್ವರ್ ಸಿಗುವುದಿಲ್ಲ. ಸಿಗದಿದ್ದರೆ ಅದು ಕೈಬಿಡುವುದಿಲ್ಲ, ಕಾಯುತ್ತದೆ. ಒಂದೆರಡು ಗಂಟೆ ತಡವಾದ ಬಿಲ್‌ನಿಂದ ಯಾರಿಗೂ ನಷ್ಟವಿಲ್ಲ. ತುರ್ತಾಗಿ ಕಳಿಸಲೇಬೇಕಾದವರು ಹೆಸರು, ಗುಪ್ತಪದ ಕೊಟ್ಟು ಬೇರೊಂದು ಸೇವೆಯ ಮೂಲಕ 587ನೇ ಪೋರ್ಟ್‌ನಲ್ಲಿ ಕಳಿಸುವ ಏರ್ಪಾಟು ಮಾಡಿಕೊಳ್ಳಬಹುದು, ಇಲ್ಲಿ ಅದರ ಅಗತ್ಯ ಬೀಳಲಿಲ್ಲ. ಬಿಲ್ಲಿಂಗ್ ತಂತ್ರಾಂಶದ ಹೊರಗಿನ ವಿಳಾಸವನ್ನೂ ಬದಲಿಸಿ, ಬೌನ್ಸ್ ಮೇಲ್ ನೇರ ಅಕ್ಕನಿಗೇ ಬರುವಂತೆ ಮಾಡಿದೆವು. ಎರಡು ಬದಲಾವಣೆಗಳಲ್ಲಿ ಇದೇ ಹೆಚ್ಚು ಮುಖ್ಯವಾದದ್ದು ಎಂಬುದು ನನ್ನ ಅಭಿಪ್ರಾಯ. ಸ್ವಂತ ಮೇಲ್ ಸರ್ವರ್ ಇಟ್ಟುಕೊಂಡ ಸಣ್ಣ ಘಟಕಗಳಲ್ಲಿ ಬೌನ್ಸ್ ಮೇಲನ್ನು ಮನುಷ್ಯರೊಬ್ಬರು ಓದುವ ವ್ಯವಸ್ಥೆ ಇಲ್ಲದಿದ್ದರೆ ಉಳಿದ ಯಾವ ಎಚ್ಚರಿಕೆಯೂ ಸಾಲದು.

ಕೈಹಾಕಿದ್ದೇ ಆಯಿತು ಎಂದು ಡಿಕೆಐಎಂ ಸಹಿಯನ್ನೂ ಕೂರಿಸಲು ಹೊರಟೆವು. ಎಸ್‌ಪಿಎಫ್ ನೋಡುವುದು ಮೇಲ್ ಯಾವ ವಿಳಾಸದಿಂದ ಬಂತು ಎಂದು. ಡಿಕೆಐಎಂ ಮೇಲ್‌ಗೇ ಗಣಿತದ ಸಹಿ ಹಾಕುತ್ತದೆ, ಅದನ್ನು ತೆರೆದಿಟ್ಟ ಕೀಲಿಯಿಂದ ಯಾರು ಬೇಕಾದರೂ ಪರಿಶೀಲಿಸಬಹುದು. ಯಾಹೂನ ಮಾರ್ಕ್ ಡೆಲನಿ ರೂಪಿಸಿದ ಡೊಮೇನ್‌ಕೀಸ್ ಮತ್ತು ಸಿಸ್ಕೊದ ಇನ್ನೊಂದು ಯೋಜನೆ ಸೇರಿ 2007ರಲ್ಲಿ ಇದು ಮಾನದಂಡವಾಯಿತು. ಕೀಲಿ ಎಷ್ಟು ಉದ್ದವಿರಬೇಕು ಎಂದು ಯಜಮಾನರು ಕೇಳಿದಾಗ ಅವರಿಗೆ ಜಕರಿ ಹ್ಯಾರಿಸ್ ಎಂಬ ಗಣಿತಜ್ಞರ ಸಂಗತಿ ಹೇಳಿದೆ. ಗೂಗಲ್ ಉದ್ಯೋಗಕ್ಕೆ ಕರೆಯುವ ಮೇಲ್ ಅವರಿಗೆ ಬಂದಿತ್ತು. ಅದು ನಿಜವೋ ನಕಲಿಯೋ ಎಂದು ಸಹಿಯ ಕೀಲಿ ನೋಡಿದರೆ ಬರೀ 512 ಬಿಟ್. ಅಷ್ಟು ಚಿಕ್ಕ ಕೀಲಿಯನ್ನು ಬಾಡಿಗೆ ಕಂಪ್ಯೂಟರ್‌ಗಳಲ್ಲಿ ಸುಮಾರು 72 ಗಂಟೆಯಲ್ಲಿ, 75 ಡಾಲರ್ ಖರ್ಚಿನಲ್ಲಿ ಒಡೆಯಬಹುದು ಎಂಬುದು ಅವರ ಅಂದಾಜು. ಇದು ಉದ್ಯೋಗಾರ್ಥಿಗೆ ಒಡ್ಡಿದ ಒಗಟಿರಬೇಕು ಎಂದುಕೊಂಡ ಅವರು, ಕೀಲಿ ಒಡೆದು, ಗೂಗಲ್ ಸ್ಥಾಪಕರಲ್ಲಿ ಒಬ್ಬರ ಹೆಸರಿನಿಂದ ಇನ್ನೊಬ್ಬರಿಗೆ ಮೇಲ್ ಕಳಿಸಿದರು. ಉತ್ತರ ಬರಲಿಲ್ಲ. ಎರಡು ದಿನದ ಮೇಲೆ ಕೀಲಿ 2048 ಬಿಟ್‌ಗೆ ಬದಲಾಗಿತ್ತು. 2012ರಲ್ಲಿ ಇದು ಪತ್ರಿಕೆಯಲ್ಲಿ ಬಂದಾಗ ಇನ್ನೂ ಎಷ್ಟೋ ದೊಡ್ಡ ಕಂಪನಿಗಳು ದುರ್ಬಲ ಕೀಲಿ ಬಳಸುತ್ತಿದ್ದುದು ತಿಳಿಯಿತು. ನಮ್ಮ ಘಟಕದ ಕೀಲಿಯನ್ನು 2048 ಬಿಟ್‌ಗೇ ಮಾಡಿದೆವು. 2024ರ ಫೆಬ್ರವರಿಯಿಂದ ಗೂಗಲ್, ಯಾಹೂ ಎರಡೂ ಮೇಲ್ ಕಳಿಸುವವರ ಗುರುತಿನ ಬಗ್ಗೆ ಬಿಗಿಯಾಗಿವೆ, ರಾಶಿಗಟ್ಟಲೆ ಕಳಿಸುವವರಿಗಂತೂ ಎಸ್‌ಪಿಎಫ್, ಡಿಕೆಐಎಂ, ಅವೆರಡರ ಮೇಲೆ ನಿಂತ ಡಿಮಾರ್ಕ್ ಎಂಬ ನಿಯಮ ಮೂರೂ ಬೇಕು.

ಸಹಿ ಕೂರಿಸಿದ ಮೇಲೆ ನಾವು ನಿರೀಕ್ಷಿಸದೇ ಇದ್ದ ಇನ್ನೊಂದು ದೂರು ಬಗೆಹರಿಯಿತು. ಚೆನ್ನೈಯ ಒಬ್ಬ ವ್ಯಾಪಾರಿ ಮಗ್ಗ ಓಡುತ್ತಿದ್ದಾಗ ಕಳಿಸಿದ ಬಿಲ್ಲೂ ಬರಲಿಲ್ಲ ಎನ್ನುತ್ತಿದ್ದರು. ಅಕ್ಕ ಅವರದನ್ನು ತಮ್ಮ ಲೆಕ್ಕಕ್ಕೆ ಸೇರಿಸಿರಲಿಲ್ಲ, ಪುಸ್ತಕದ ಅಂಚಿನಲ್ಲಿ ಬೇರೆಯೇ ಗುರುತು ಹಾಕಿಟ್ಟಿದ್ದರು. ಫೋನ್ ಮಾಡಿ ವಿಚಾರಿಸಿದರೆ, ಅಂಗಡಿಯ ವಿಳಾಸಕ್ಕೆ ಬಂದದ್ದೆಲ್ಲ ಮಗನ ಸ್ವಂತ ಪೆಟ್ಟಿಗೆಗೆ ತಾನಾಗಿ ಹೋಗುವಂತೆ ಅವರು ಮಾಡಿಕೊಂಡಿದ್ದರು. ಹಾಗೆ ಮುಂದೆ ಸಾಗಿದ ಮೇಲ್ ಮಗನ ಸರ್ವರ್ ಕಣ್ಣಿಗೆ ಅಂಗಡಿಯ ಸರ್ವರ್‌ನಿಂದ ಬಂದದ್ದು, ದೊಡ್ಡಬಳ್ಳಾಪುರದಿಂದಲ್ಲ. ನಮ್ಮ ಎಸ್‌ಪಿಎಫ್ ಅಲ್ಲಿ ಸೋಲುತ್ತಿತ್ತು. ಡಿಕೆಐಎಂ ಸಹಿ ಹಾಗಲ್ಲ, ದಾರಿಯಲ್ಲಿ ಯಾರೂ ಒಳಗಿನ ಬರಹ ಮುಟ್ಟದಿದ್ದರೆ ಎಷ್ಟು ಸರ್ವರ್ ದಾಟಿದರೂ ಸಹಿ ಉಳಿಯುತ್ತದೆ. ಮುಂದಿನ ಬಿಲ್ ಮಗನ ಪೆಟ್ಟಿಗೆಗೆ ತಲುಪಿತು, ಅಕ್ಕ ಅಂಚಿನ ಆ ಗುರುತಿನ ಮೇಲೆ ಗೆರೆ ಎಳೆದರು.